ಶುದ್ಧಗೊಳಿಸಿದ ಪ್ರತಿಯಲ್ಲಿ ಕೋಳಿಗಳಿಲ್ಲ

ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಟ ನನ್ನದು. ನಮ್ಮ ಕಡೆ ಕೆಲವರಿಗೆ ಊಟವಾದ ಮೇಲೆ ಕವಳ ಬೇಕೇ ಬೇಕು. ಎಲೆ, ಅಡಿಕೆ, ಸುಣ್ಣ ಬಾಯಿಗೆ ಬೀಳದಿದ್ದರೆ ಉಂಡದ್ದು ಇಳಿಯುವುದಿಲ್ಲ. ನನಗೆ ಕವಳದ ಜಾಗದಲ್ಲಿ ಒಂದು ವಾದ ಬೇಕು. ಇದು ತರಬೇತಿಯ ಫಲ. ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆ ಎಂದು ಬೋರ್ಡು ಬಿದ್ದಲ್ಲೆಲ್ಲ ಹೋಗಿ ನಿಂತವಳು ನಾನು. ಬೆಳಗಿನ ಸುತ್ತಿನಲ್ಲಿ ಒಂದು ವಿಷಯದ ಪರವಾಗಿ ಮಾತಾಡಿ, ಮಧ್ಯಾಹ್ನ ಅದೇ ವಿಷಯದ ವಿರೋಧವಾಗಿ ಮಾತಾಡಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿಕೊಂಡು ಮನೆಗೆ ಬಂದವರಿಗೆ ಯಾವುದರ ಮೇಲೂ ಪೂರ್ತಿ ನಂಬಿಕೆ ಉಳಿಯುವುದಿಲ್ಲ. ಗೆದ್ದ ಕಪ್ಪುಗಳ ಪೈಕಿ ದೊಡ್ಡದರಲ್ಲಿ ಅಮ್ಮ ಬಟ್ಟೆಯ ಕ್ಲಿಪ್ಪು ಹಾಕಿಟ್ಟಿದ್ದಾಳೆ. ಸಣ್ಣದರಲ್ಲಿ ಯಾವ ಬೀಗಕ್ಕೂ ಹೊಂದದ ಕೀಲಿಗಳಿವೆ. ಅಪ್ಪನಂತೂ ನಾನು "ಮೊದಲನೆಯದಾಗಿ" ಎಂದು ಬಾಯಿ ತೆರೆದರೆ ಸಾಕು, ಅಂಗಿ ಹಾಕಿಕೊಂಡು ಪೇಟೆಗೆ ಹೊರಟುಬಿಡುತ್ತಾರೆ. ಎರಡನೆಯದನ್ನು ಅವರು ಈವರೆಗೆ ಕೇಳಿಲ್ಲ.

ಈಗ ಹೊನ್ನಾವರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಗೊತ್ತಲ್ಲ, ಕೂರಿಸುತ್ತಾರೆ, ಆದರೆ ಎಷ್ಟು ದಿನ ಎಂದು ಹೇಳುವುದಿಲ್ಲ. ಅಲ್ಲಿಯ ಸ್ಟಾಫ್ ರೂಮಿನಲ್ಲಿ ನನಗೆ ಸರಿಸಾಟಿ ಎಂದರೆ ಇತಿಹಾಸದ ಶಾನಭಾಗ ಸರ್. ಕುಮಟೆಯವರು. ಕುಮಟೆಯ ಸಿಹಿ ಈರುಳ್ಳಿ ಹೆದ್ದಾರಿ ಪಕ್ಕದಲ್ಲಿ ಜಡೆ ಹೆಣೆದುಕೊಂಡು ತೂಗಲು ಶುರುವಾದರೆ ಅವರ ಮಾತಿಗೂ ಒಂದು ಗತ್ತು ಬರುತ್ತದೆ. ನನ್ನ ಅಮ್ಮನ ತವರು ಭಟ್ಕಳ ತಾಲೂಕಿನ ಮುಟ್ಟಳ್ಳಿ. ಹಾಗಾಗಿ ನಾನು ಭಟ್ಕಳ ಮಲ್ಲಿಗೆಯ ವಕೀಲೆ.

"ಮಲ್ಲಿಗೆ ಸಂಜೆಗೆ ಬಾಡ್ತದೆ ಮೇಡಂ," ಎಂದರು ಅವರು ಒಂದು ದಿನ. "ಈರುಳ್ಳಿ ತೂಗಾಕಿದ್ರೆ ಮಳೆಗಾಲ ಕಳೀತದೆ."

"ಈರುಳ್ಳಿ ಮುಡ್ಕಂಡು ಯಾರೂ ಮದುವೆಗೆ ಹೋಗೂದಿಲ್ಲ ಸರ್."

"ಮಲ್ಲಿಗೆ ಹಾಕಿ ಯಾರೂ ಹುಳಿ ಮಾಡೂದಿಲ್ಲ. ಹೋಗ್ಲಿ, ಯಾವುದರ ಹೆಸರು ಹಳೇದು ಹೇಳಿ. ಆಧಾರ ತಂದು ಹೇಳಿ."

ನನ್ನ ಆಯುಧವನ್ನೇ ತೆಗೆದು ನನ್ನ ಮೇಲೆ ಬೀಸಿದರೆ ಸುಮ್ಮನಿರುವುದು ಹೇಗೆ. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನಲ್ಲಿರುವ ಹಳತನ್ನೆಲ್ಲ ಡಿಜಿಟಲ್ ಮಾಡಿ ಜಾಲತಾಣಕ್ಕೆ ಹಾಕಿದೆ ಎಂದು ಎಲ್ಲೋ ಕೇಳಿದ್ದೆ. ಮಲ್ಲಿಗೆಯ ಆಧಾರ ಹುಡುಕಲು ಅದರೊಳಗೆ ಹೊಕ್ಕವಳು ಒಂದೇ ಸಂಜೆಯಲ್ಲಿ ಮಲ್ಲಿಗೆಯನ್ನೂ ಮರೆತೆ, ಶಾನಭಾಗ ಸರ್ ಅವರನ್ನೂ ಮರೆತೆ.

ಗ್ರಂಥಾಲಯ ಎಂದರೆ ಪುಸ್ತಕ ಎಂದುಕೊಂಡಿದ್ದೆ. ಪುಸ್ತಕಗಳೇನೋ ಇದ್ದವು, ಮದುವೆಮನೆಯಲ್ಲಿ ಮದುಮಗ ಇದ್ದ ಹಾಗೆ. ಇರಲೇಬೇಕು, ಆದರೆ ಗಮ್ಮತ್ತು ಬೇರೆ ಕಡೆ ನಡೆಯುತ್ತಿರುತ್ತದೆ. ತಾಳೆಗರಿಯ ಕಟ್ಟುಗಳ ಚಿತ್ರ; ಗರಿಯ ಪಕ್ಕದಲ್ಲಿ ಅಳತೆಗೆಂದು ಇಟ್ಟ ಶಾಲೆಯ ಫೂಟುಪಟ್ಟಿ, ಅದರ ಮೇಲೆ ಯಾವುದೋ ಮಗು ಕೊರೆದ ಬಾಣ ಚುಚ್ಚಿದ ಹೃದಯ. ಶರಾವತಿಗೆ ಸೇತುವೆ ಇಲ್ಲದ ಕಾಲದ ಹೊನ್ನಾವರದ ದೋಣಿಗಟ್ಟು. ದೋಣಿಯಲ್ಲಿ ಒಂದು ಎಮ್ಮೆ, ಪಕ್ಕದಲ್ಲಿ ಒಬ್ಬ ಗಂಭೀರ ಮನುಷ್ಯ, ಕೈಯಲ್ಲಿರುವ ಕೊಡೆ ಎಮ್ಮೆಯ ತಲೆಯ ಮೇಲೆ. ಯಾಣದ ಕಾಡಿನಿಂದ ತಂದು ಒಣಗಿಸಿ ರಟ್ಟಿಗೆ ಅಂಟಿಸಿದ ಎಲೆಗಳು. ಪ್ರತಿಯೊಂದರ ಕೆಳಗೂ ಲ್ಯಾಟಿನ್ ಹೆಸರು, ಒಂದರ ಕೆಳಗೆ ಮಾತ್ರ "ಹೆಸರು ತಿಳಿಯದು, ಮುಟ್ಟಿದರೆ ತುರಿಸುತ್ತದೆ". ಮುಂಬೈ ಪ್ರಾಂತ್ಯದ ಕಾಲದ ಶಾಲಾ ಭೂಗೋಳ. ಅದರ ಅಂಚಿನಲ್ಲಿ ಹುಡುಗರು ಬಿಡಿಸಿದ ಮಾಸ್ತರರ ಮೀಸೆ. ಭಟ್ಕಳದ ಒಂದು ಮನೆಯ ಬಿರಿಯಾನಿಯ ವಿಧಾನ, ಅಲ್ಲಿಯ ಮುಸ್ಲಿಮರ ನವಾಯತಿ ಭಾಷೆಯಲ್ಲಿ. ಅದನ್ನು ನನ್ನ ಭಟ್ಕಳದ ಗೆಳತಿಗೆ ಕಳಿಸಿದರೆ "ಇದರಲ್ಲಿ ಮುಖ್ಯದ್ದು ಒಂದು ಬೇಕಂತಲೇ ಬಿಟ್ಟಿದಾರೆ, ಏನೂಂತ ನಾನೂ ಹೇಳೋದಿಲ್ಲ" ಎಂದು ಉತ್ತರ ಬಂತು. ಮುರ್ಡೇಶ್ವರದ ದಡದಲ್ಲಿ ಒಣಹಾಕಿದ ಮೀನಿನ ಸಾಲು, ಕ್ಯಾಮೆರಾಕ್ಕೆ ಬೆನ್ನು ಹಾಕಿ ಮೀನಿನ ಕಡೆ ಮುಖ ಮಾಡಿ ಕೂತ ಒಂದು ನಾಯಿ. ಶೀರ್ಷಿಕೆ, 'ಕರಾವಳಿಯ ಜನಜೀವನ'.

ಯಾವ ಗುಂಪಿಗೂ ಸೇರದವಕ್ಕೆಲ್ಲ 'ಇತರೆ' ಎಂಬ ವಿಭಾಗ. ನಾನು ನೆಲೆ ನಿಂತದ್ದು ಅಲ್ಲೇ. ಬೆಂಕಿಪೊಟ್ಟಣದ ಚಿತ್ರಗಳು, ನಾಟಕದ ಕರಪತ್ರಗಳು, ತೆಂಗಿನಕಾಯಿ ತುರಿಯುವ ಮಣೆಗಳ ನಕ್ಷೆ, ಮತ್ತು ಒಂದು ಕನ್ನಡಕದ ಡಬ್ಬಿ. ಯಾರದು, ಯಾವ ಕಾಲದ್ದು, ಒಂದೂ ಇಲ್ಲ. ಸ್ಕ್ಯಾನ್ ಮಾಡುತ್ತಿದ್ದವರು ತಮ್ಮದನ್ನೇ ಮರೆತು ಒಳಗೆ ಕಳಿಸಿರಬೇಕೆಂದು ನನ್ನ ಊಹೆ. ಪಾಪ, ಈಗಲೂ ಮನೆಯಲ್ಲಿ ಹುಡುಕುತ್ತಿರಬಹುದು.

ಇಲ್ಲಿ ನನ್ನ ನಿಲುವನ್ನು ಸ್ಪಷ್ಟಪಡಿಸಬೇಕು. 'ಪರಂಪರೆ' ಎಂಬ ಪದ ಕೇಳಿದರೆ ನನಗೆ ಅನುಮಾನ. ಆ ಪದ ಆಡುವವರ ಹಿಂದೆ ಒಂದು ವೇದಿಕೆ, ಒಂದು ಹಾರ, ಒಂದು ಕೆಟ್ಟ ಮೈಕು ಇದ್ದೇ ಇರುತ್ತದೆ. ಆದರೆ ಈ ಸಂಗ್ರಹದಲ್ಲಿ ಭಾಷಣ ಇರಲಿಲ್ಲ. ಎಸೆಯಲು ಮನಸ್ಸು ಬಾರದ ಯಾರೋ ಒಬ್ಬರು ಇಟ್ಟಿದ್ದರು, ಅಷ್ಟೇ. ಯೋಚಿಸಿ ನೋಡಿ, ಹಳೆಯದನ್ನು ಎಸೆಯಬೇಕು ಎನ್ನುವ ಪಕ್ಷದ ವಾದ ಯಾವಾಗಲೂ ಬಲವಾದದ್ದು. ಜಾಗ ಇಲ್ಲ, ಗೆದ್ದಲು ಬಂದಿದೆ, ಯಾರು ನೋಡುತ್ತಾರೆ. ಇಡಬೇಕು ಎನ್ನುವವರ ಬಳಿ ವಾದವೇ ಇಲ್ಲ. "ಇರಲಿ" ಎನ್ನುತ್ತಾರೆ, ಕಪಾಟಿನ ಬಾಗಿಲು ಹಾಕುತ್ತಾರೆ. ಯಾವ ನಿರ್ಣಾಯಕರೂ ಅಂಕ ಕೊಡದ ಆ ಒಂದು ಪದಕ್ಕೆ ನಾನು ಎಷ್ಟು ಋಣಿ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಅದಕ್ಕೆ ಮೊದಲು ಅಮ್ಮನ ವಿಷಯ ಹೇಳಬೇಕು. ಅಮ್ಮ ಅಂಬೆಗಾಲಿಡುವ ಹೊತ್ತಿಗೆ ಅವಳ ತಾಯಿ ಜ್ವರ ಬಂದು ತೀರಿಕೊಂಡರು. ಮಾಸ್ತಮ್ಮ ಎಂದು ಹೆಸರು. ಮುಟ್ಟಳ್ಳಿಯಲ್ಲಿ 'ಕೆಳಗಿನಮನೆ ಮಾಸ್ತಮ್ಮ' ಎಂದರೆ ಎಲ್ಲರಿಗೂ ಗೊತ್ತಿತ್ತಂತೆ. ಒಂದೇ ಒಂದು ಮದುವೆಯ ಗುಂಪು ಫೋಟೋದಲ್ಲಿ ಅವರಿದ್ದಾರೆ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಯಾರನ್ನೋ ಕರೆಯಲು ತಿರುಗಿದ್ದರಿಂದ ಕಾಣುವುದು ಬರೀ ತುರುಬು. ಅಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ, ಅಂದರೆ ನನ್ನ ದೊಡ್ಡಮ್ಮ. ಆಗ ಅವಳೇ ಎಂಟೊಂಬತ್ತು ವರ್ಷದ ಹುಡುಗಿ. ಈಗ ಕುಮಟೆಯಲ್ಲಿದ್ದಾಳೆ, ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಕುಮಟೆಯ ಒಂದು ಇಡೀ ತಲೆಮಾರು ಅವಳ ಬೈಗುಳಕ್ಕೆ ಹೆದರಿ ಉಪ್ಪಿಟ್ಟು ತಿಂದಿದೆ.

ಅಮ್ಮನಿಗೆ ತಾಯಿಯ ಬಗ್ಗೆ ಗೊತ್ತಿರುವುದೆಲ್ಲ ದೊಡ್ಡಮ್ಮ ಹೇಳಿದ್ದು. ಮುಖದ ಬಗ್ಗೆ ಅಮ್ಮ ಹೆಚ್ಚು ಕೇಳುತ್ತಿರಲಿಲ್ಲ. ಅವಳ ಪ್ರಶ್ನೆ ಒಂದೇ, ಅದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. "ಅಬ್ಬೆ ದನಿ ಹೆಂಗಿತ್ತೆ ಅಕ್ಕಾ?"

"ದನಿ ಎಂತ, ದನಿ ಇದ್ದ ಹಂಗೇ ಇತ್ತು," ಎನ್ನುತ್ತಿದ್ದಳು ದೊಡ್ಡಮ್ಮ.

"ಸಣ್ಣದಾ, ದಪ್ಪದಾ?"

"ಕರೆದ್ರೆ ಗದ್ದೆ ಆಚೆಗೆ ಕೇಳ್ತಿತ್ತು. ಸಾಕಾ? ಈಗ ಮೀನ್ ಕೊಯ್ಯಿ."

ಒಬ್ಬಳೇ ಸಾಕ್ಷಿ, ಅದೂ ಸಹಕರಿಸದ ಸಾಕ್ಷಿ. ಅಮ್ಮ ಮೀನು ಕೊಯ್ಯುತ್ತಿದ್ದಳು. ಆದರೆ ರೇಡಿಯೋದಲ್ಲಿ ಯಾವುದಾದರೂ ವಯಸ್ಸಾದ ಹೆಂಗಸಿನ ದನಿ ಬಂದರೆ ಕತ್ತಿ ಹಿಡಿದ ಕೈ ನಿಂತು ಬಿಡುತ್ತಿತ್ತು. ಅಮ್ಮನಿಗೀಗ ಮೊಮ್ಮಕ್ಕಳಾಗುವ ವಯಸ್ಸು. ಆ ಕೈ ನಿಲ್ಲುವುದು ಮಾತ್ರ ನಿಂತಿಲ್ಲ.

ಆ ಸಂಗ್ರಹದ ಹುಡುಕುಪಟ್ಟಿಯಲ್ಲಿ ಒಂದು ಭಾನುವಾರ ಸುಮ್ಮನೆ "ಮುಟ್ಟಳ್ಳಿ" ಎಂದು ಒತ್ತಿದೆ. ಬಂದದ್ದು ಒಂದು ಧ್ವನಿಮುದ್ರಣ. ಯಾವುದೋ ಕಾಲದಲ್ಲಿ ಜನಪದ ಹಾಡು ಸಂಗ್ರಹಿಸಲು ಘಟ್ಟ ಇಳಿದು ಬಂದ ಸಂಶೋಧಕರೊಬ್ಬರ ಟೇಪುಗಳಲ್ಲಿ ಒಂದು. ವಿವರ ಹೀಗಿತ್ತು: ಭತ್ತ ಕುಟ್ಟುವ ಹಾಡು. ಸ್ಥಳ, ಮುಟ್ಟಳ್ಳಿ. ಹಾಡಿದವರು, ಕೆಳಗಿನಮನೆ ಮಾಸ್ತಮ್ಮ.

ನಾನು ಕುರ್ಚಿಯಿಂದ ಎದ್ದು ಮತ್ತೆ ಕೂತೆ. ನಂತರ ಅಮ್ಮನನ್ನು ಕರೆದೆ.

ಅಮ್ಮ ಬಂದವಳು ವಿಷಯ ಕೇಳಿ ಮೊದಲು ಕೈ ತೊಳೆದಳು. ಸೆರಗು ಸರಿ ಮಾಡಿಕೊಂಡಳು. ಮನೆಗೆ ಹೊಸಬರು ಬಂದರೆ ಕೂರುವ ಹಾಗೆ ನನ್ನ ಫೋನಿನ ಮುಂದೆ ನೆಟ್ಟಗೆ ಕೂತಳು. ಹಾಡು ಶುರುವಾಯಿತು. ಒನಕೆಯ ಪೆಟ್ಟು, ಅದರ ಮೇಲೆ ತೇಲುವ ಒಂದು ಹೆಣ್ಣುದನಿ, ತೆಳ್ಳಗೆ, ಮೆತ್ತಗೆ, ಪ್ರತಿ ಸಾಲಿನ ಕೊನೆಗೆ ಸ್ವಲ್ಪ ನಡುಗುವಂಥದು. ಅಮ್ಮ ಅಳಲಿಲ್ಲ. ಮುಗಿದ ಮೇಲೆ "ಎಷ್ಟ್ ಚೆಂದ ಇತ್ತಲ್ಲೆ ಅಬ್ಬೆ ದನಿ," ಎಂದಳು, ಯಾರಿಗೋ ವರದಿ ಒಪ್ಪಿಸುವ ಹಾಗೆ.

ಆಮೇಲೆ ನಮ್ಮ ಮನೆಯಲ್ಲಿ ಆ ಹಾಡಿನದೇ ರಾಜ್ಯ. ಸಾರು ಕುದಿಯುವಾಗ ಹಾಡು, ಅಂಗಳ ಗುಡಿಸುವಾಗ ಹಾಡು. ಅಮ್ಮ ಅದನ್ನು ಕಲಿತು ತಾನೂ ಹಾಡತೊಡಗಿದಳು. ಅಮ್ಮನಿಗೆ ಹಾಡಲು ಬರುವುದಿಲ್ಲ, ಇದಕ್ಕೆ ಇಡೀ ಬೀದಿಯೇ ಆಧಾರ. ಆದರೂ "ನಂಗೆ ಹಾಡು ಬಂದದ್ದು ಅಬ್ಬೆಯಿಂದಲೇ" ಎಂದಾಗ ನಾನು ಖಂಡಿಸಲಿಲ್ಲ. ಅಪ್ಪ ಈ ಸಲ ವಾದವಿಲ್ಲದೆಯೇ ಅಂಗಿ ಹಾಕಿಕೊಂಡರು.

ಮುಂದಿನ ರಜೆಯಲ್ಲಿ ಅಮ್ಮ, ನಾನು ಇಬ್ಬರೂ ಕುಮಟೆಗೆ ಹೊರಟೆವು. ಬಸ್ಸಿನಲ್ಲಿ ಅಮ್ಮ ಫೋನನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಇಷ್ಟು ವರ್ಷ ಅಕ್ಕ ಕೊಡುವವಳು, ತಾನು ಕೇಳಿ ಪಡೆಯುವವಳು. ಇವತ್ತು ತಾನು ಅಬ್ಬೆಯನ್ನು ಅಕ್ಕನಿಗೆ ತೋರಿಸುತ್ತೇನೆ ಎಂಬ ಖುಷಿ.

ದೊಡ್ಡಮ್ಮ ಹಾಡನ್ನು ಪೂರ್ತಿ ಕೇಳಲೇ ಇಲ್ಲ. ಎರಡು ಸಾಲಿಗೇ ತಲೆ ಆಡಿಸಿದಳು.

"ಇದು ಅಬ್ಬೆ ಅಲ್ಲ. ಆಚೆಮನೆ ದುರ್ಗಮ್ಮ."

ಅಮ್ಮ ಫೋನು ಕೈಗೆತ್ತಿಕೊಂಡಳು. "ಸರೀ ಕೇಳೆ ಅಕ್ಕಾ."

"ಕೇಳಿದೆ. ದುರ್ಗಮ್ಮಂದೇ ದನಿ. ನಡುಗ್ತದಲ್ಲ, ಹಂಗೆ ಹಾಡೂದು ಅವ್ಳೊಬ್ಳೇ."

ಇಂಥ ಹೊತ್ತಿನಲ್ಲಿ ನಾನು ಸುಮ್ಮನಿದ್ದರೆ ಆ ಕಪ್ಪುಗಳಿಗೆ ಅವಮಾನ. "ದೊಡ್ಡಮ್ಮ, ದಾಖಲೆಯಲ್ಲಿ ಸ್ಪಷ್ಟ ಇದೆ. ಹಾಡಿದವರು ಕೆಳಗಿನಮನೆ ಮಾಸ್ತಮ್ಮ. ವಿಶ್ವವಿದ್ಯಾಲಯದವರು ಬರೆದದ್ದು."

"ದಾಖಲೆಗೆ ಕಿವಿ ಇದ್ಯಾ ವಕೀಲ್ತಿ?"

"ನೀನು ಆವಾಗ ಮೂರನೇ ಕ್ಲಾಸು. ನೆನಪು ತಪ್ಪಬಹುದಲ್ವಾ?"

"ಅಂವ ಆ ಮೆಷಿನ್ ತಂದ ದಿನ ನಾ ಶಾಲೆಗೆ ಚಕ್ಕರ್ ಹೊಡೆದು ಅಲ್ಲೇ ಕೂತಿದ್ದೆ. ಹಾಡಿದ್ದು ದುರ್ಗಮ್ಮ, ಒನಕೆ ಹಿಡಿದದ್ದು ಅವ್ಳ ಸೊಸೆ."

"ಹಾಗಾದ್ರೆ ಅಮ್ಮಮ್ಮನ ಹೆಸರು ಯಾಕೆ ಬರೆದ್ರು?"

ದೊಡ್ಡಮ್ಮ ನನ್ನನ್ನು ಅಂಗನವಾಡಿಯ ಕಂದನನ್ನು ನೋಡುವ ಹಾಗೆ ನೋಡಿದಳು. "ಅಂಗಳ ಯಾರದ್ದು? ಅಬ್ಬೆದು. ಕುಟ್ಟೂಕೆ ಬಂದವ್ರಿಗೆ ಕವಳ ಕೊಟ್ಟದ್ದು ಯಾರು? ಅಬ್ಬೆ. ಕವಳ ಕೊಟ್ಟವ್ಳ ಹೆಸರಲ್ಲೇ ಹಾಡು. ಹಾಡಿದವ್ಳು ತನ್ನ ಹೆಸರು ಹೇಳ್ಕಂಡ್ರೆ ನಾಚಿಕೆಗೇಡು ಅಂತಿದ್ರು. 'ಯಾರ ಹಾಡು' ಅಂತ ಅಂವ ಕೇಳಿದ, 'ಮಾಸ್ತಮ್ಮನ ಹಾಡು' ಅಂದ್ರು ಎಲ್ರೂ. ಅಂವ ಬರ್ಕಂಡ. ಆತು."

ನಿಜ ಹೇಳುತ್ತೇನೆ, ಇದು ಒಳ್ಳೆಯ ವಾದ. ಕೆಲಸ ಎಲ್ಲರದ್ದು, ಕರೆದವಳ ಹೆಸರಿನಲ್ಲಿ. ನಮ್ಮೂರ ಕಡೆಯವರು ಮಾತ್ರ ಮಾಡಬಲ್ಲ ತಪ್ಪು ಇದು. ಘಟ್ಟದ ಮೇಲಿನಿಂದ ಬಂದ ಸಂಶೋಧಕರು ಹೇಗೆ ಊಹಿಸಬೇಕು? ಆದರೆ ಒಳ್ಳೆಯ ವಾದ ಎದುರು ಪಕ್ಷದಿಂದ ಬಂದಾಗ ಒಪ್ಪಿಕೊಳ್ಳುವುದನ್ನು ನಮಗೆ ಯಾರೂ ಕಲಿಸುವುದಿಲ್ಲ.

"ಸರಿ. ಅಮ್ಮಮ್ಮ ಹಾಡದಿದ್ರೆ ಆಗ ಎಲ್ಲಿದ್ರು?"

"ಅಲ್ಲೇ. ಚಾಪೆ ಮೇಲೆ ಬತ್ತ ಹರವಿತ್ತು. ಅಬ್ಬೆ ಕೋಳಿ ಓಡಿಸ್ತಾ ಇತ್ತು. ಎಷ್ಟ್ ಕೂಗಾಡ್ತಿತ್ತು ಅಂದ್ರೆ ಆ ಮೆಷಿನ್ನಂವ ಸುಮ್ನಿರಿ ಅಂತ ಕೈ ಮುಗಿದ."

ಇಲ್ಲಿ ಸಿಕ್ಕಿಬಿದ್ದಳು ಎಂದುಕೊಂಡೆ. "ಟೇಪಿನಲ್ಲಿ ಕೋಳಿಯೇ ಇಲ್ಲ ದೊಡ್ಡಮ್ಮ. ಕೇಳಿ ನೋಡು. ಒನಕೆ ಇದೆ, ಹಾಡಿದೆ. ಒಂದು ಕೋಳಿ ಇಲ್ಲ, ಕೂಗಾಟ ಇಲ್ಲ."

ದೊಡ್ಡಮ್ಮ ಈ ಸಲ ಹಾಡನ್ನು ಪೂರ್ತಿ ಕೇಳಿದಳು. ನಿಜಕ್ಕೂ ಕೋಳಿ ಇರಲಿಲ್ಲ. ಅವಳ ಮುಖದಲ್ಲಿ ಮೊದಲ ಸಲ ಗೊಂದಲ ಕಂಡಿತು. "ಇತ್ತು," ಎಂದಳು. "ಕೋಳಿ ಇತ್ತು." ದನಿಯಲ್ಲಿ ಜೋರಿರಲಿಲ್ಲ.

ಅಮ್ಮ ಎದ್ದಳು. "ನಿಂಗೆ ಅಬ್ಬೆ ಎಂಟ್ ವರ್ಷ ಸಿಕ್ತು ಅಕ್ಕಾ. ನಂಗೆ ಸಿಕ್ಕಿದ್ದು ಈ ಒಂದು ಹಾಡು. ಅದನ್ನೂ ಇಟ್ಕಳೂಕೆ ಬಿಡೂದಿಲ್ಲ ಅಲ್ವಾ ನೀನು." ಚಹಾ ಕುಡಿಯದೆ ಹೊರಟಳು. ನಾನು ಹಿಂದೆಯೇ ಹೋದೆ, ವಾದ ಗೆದ್ದವಳು ನಡೆಯಬೇಕಾದ ಹಾಗೆ ನಡೆಯಲು ಆಗದೆ.

ಹೊನ್ನಾವರಕ್ಕೆ ಬಂದ ಮೇಲೆ ಮನೆಯಲ್ಲಿ ಹಾಡು ನಿಂತಿತು. ನಾನು ಹಾಕಲೇ ಎಂದರೆ "ಬೇಡ" ಎನ್ನುತ್ತಿದ್ದಳು. ಅಕ್ಕ ಹೇಳಿದ್ದು ಸುಳ್ಳೆಂದು ನಂಬಲೂ ಆಗದು, ನಿಜವೆಂದು ಒಪ್ಪಲೂ ಆಗದು. ಕೇಳುವ ಆಸೆಯಾದರೂ ಮೊದಲು ಇತ್ತು. ಈಗ ರೇಡಿಯೋದಲ್ಲಿ ವಯಸ್ಸಾದ ದನಿ ಬಂದರೆ ಅಮ್ಮ ಎದ್ದು ಹೋಗಿ ಅದನ್ನು ಆರಿಸುತ್ತಿದ್ದಳು. ಗೆದ್ದ ಪಕ್ಷದಲ್ಲಿ ಕೂತು ಇಷ್ಟು ಸೋತಿದ್ದು ನನಗೆ ಅದೇ ಮೊದಲು.

ಒಂದು ಸಂಜೆ ಆ ಪುಟವನ್ನು ಮತ್ತೆ ತೆರೆದೆ. ವಕೀಲರ ಹಾಗೆ ಪದ ಪದ ಓದಿದೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಎರಡು ಪದಗಳಿದ್ದವು: ಶುದ್ಧಗೊಳಿಸಿದ ಪ್ರತಿ.

ಮರುದಿನ ಆ ಗ್ರಂಥಾಲಯಕ್ಕೆ ಫೋನು ಮಾಡಿದೆ. ಡಿಜಿಟಲ್ ವಿಭಾಗದ ಪಾಟೀಲ ಮೇಡಂ ಎಂಬವರು ಎತ್ತಿಕೊಂಡರು. ವಿಷಯವನ್ನು ಹೇಗೆ ಶುರು ಮಾಡಬೇಕೆಂದು ತೋಚಲಿಲ್ಲ.

"ಮೇಡಂ, ನಿಮ್ಮ ಮುಟ್ಟಳ್ಳಿ ಧ್ವನಿಮುದ್ರಣದಲ್ಲಿ ಕೋಳಿ ಇಲ್ಲ."

"ಯಾಕವಾ, ಇರಬೇಕಿತ್ತೇನು?"

"ಇತ್ತು ಅಂತ ನಮ್ಮ ದೊಡ್ಡಮ್ಮ ಹೇಳ್ತಾರೆ. ಅದನ್ನು ಓಡಿಸ್ತಾ ಇದ್ದದ್ದು ನಮ್ಮ ಅಮ್ಮಮ್ಮ."

"ಹಾಂ. ಗದ್ದಲ ಭಾಳ ಇರ್ತದವಾ ಹಳೀ ಟೇಪಿನಾಗ. ಹಾಡು ಛಂದ ಕೇಳಲಿ ಅಂತ ಅದನ್ನ ತಗಸೀವಿ. ಕೇಳೋರಿಗೆ ಹಾಡ ಬೇಕಲ್ಲ, ಕೋಳಿ ಯಾರಿಗೆ ಬೇಕ್ರಿ?"

"ನಮ್ಮ ಅಮ್ಮನಿಗೆ ಬೇಕು."

ನಂತರ ಎಲ್ಲ ಹೇಳಿದೆ. ಮೊದಲನೆಯದಾಗಿ ಎನ್ನಲಿಲ್ಲ, ಎರಡನೆಯದಾಗಿ ಎನ್ನಲಿಲ್ಲ. ಅಂಬೆಗಾಲು, ತುರುಬು, ರೇಡಿಯೋ, ಕವಳ, ಎಲ್ಲ ಕಲಸಿಹೋದ ಹಾಗೆ ಹೇಳಿದೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಹೀಗೆ ಮಾತಾಡಿದ್ದರೆ ಕೆಳಗೆ ಕೂರಿಸುತ್ತಿದ್ದೆ. ಪಾಟೀಲ ಮೇಡಂ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ಮೂಲ ಹಂಗ ಇಟ್ಟೀವಿ ತಂಗಿ. ತಗದದ್ದನ್ನ ಒಗಿಯೂ ಪದ್ಧತಿ ನಮ್ಮಲ್ಲಿ ಇಲ್ಲ. ಹುಡುಕಿ ಕಳಸ್ತೀನಿ," ಎಂದರು.

ನೋಡಿ, ಇಲ್ಲಿಯೂ ಅದೇ ಪದ, ಬೇರೆ ವೇಷದಲ್ಲಿ. ಯಾರಿಗೂ ಬೇಡದ ಗದ್ದಲವನ್ನು ಹಾಡಿನಿಂದ ಬಿಡಿಸಿ ತೆಗೆದ ಮೇಲೂ ಯಾರೋ 'ಇರಲಿ' ಎಂದಿದ್ದಾರೆ. ಅದಕ್ಕೂ ಹಿಂದೆ, ಟೇಪು ದುಬಾರಿಯಾಗಿದ್ದ ಕಾಲದಲ್ಲಿ, ಕೋಳಿ ನುಗ್ಗಿದ ಕೂಡಲೇ ಯಂತ್ರ ನಿಲ್ಲಿಸದೆ ಆ ಸಂಶೋಧಕರು ಬೆರಳು ತಡೆದಿದ್ದಾರೆ. ಸಹನೆಯಿಂದಲೋ, ಗಾಬರಿಯಿಂದಲೋ, ಗುಂಡಿ ಯಾವುದೆಂದು ಮರೆತೋ. ಕಾರಣ ಏನೇ ಇರಲಿ, ನನ್ನ ಕೃತಜ್ಞತೆಗೆ ಕಾರಣದ ಹಂಗಿಲ್ಲ.

ಕೆಲವು ದಿನ ಬಿಟ್ಟು ಮೂಲ ಬಂತು. ಹಿಂದೆಯೇ ಪಾಟೀಲ ಮೇಡಂ ಫೋನು ಮಾಡಿದರು. "ಕೇಳೇನವಾ ನಾನೂ. ಹಾಡಿನಕಿಂತಾ ಆ ಹೆಣ್ಮಗಳ ಬೈಗುಳಾನ ಜೋರ ಅದಾವ. ಕೋಳಿ ಬದುಕಿ ಉಳದಾವೋ ಇಲ್ಲೋ." ವಿವರವನ್ನೂ ತಿದ್ದುತ್ತೇನೆ ಎಂದರು. ಇವತ್ತು ನೀವು ಆ ಪುಟ ತೆರೆದರೆ ಎರಡು ಪ್ರತಿಗಳಿವೆ. ಕೆಳಗೆ ಬರೆದಿದೆ: ಹಾಡಿದವರು, ಆಚೆಮನೆ ದುರ್ಗಮ್ಮ. ಅಂಗಳ ಮತ್ತು ಕವಳ, ಕೆಳಗಿನಮನೆ ಮಾಸ್ತಮ್ಮ. ಕೋಳಿ ಓಡಿಸಿದವರು, ಅವರೇ. ಇಂಥ ನಿಖರವಾದ ದಾಖಲೆಯನ್ನು ಯಾವ ವಿಶ್ವವಿದ್ಯಾಲಯದಲ್ಲೂ ನಾನು ಕಂಡಿಲ್ಲ.

ವಾದಕ್ಕೆ ಇಳಿಯುವ ಮುಂಚೆ ಸಾಕ್ಷ್ಯವನ್ನು ತಾನು ಪರಿಶೀಲಿಸಿಕೊಳ್ಳಬೇಕು ಎಂಬುದು ಮೊದಲ ಪಾಠ. ಆದರೂ ಬಂದ ಮೂಲವನ್ನು ನಾನು ಹಾಕಿ ಕೇಳಲಿಲ್ಲ. ಅಮ್ಮನಿಗಿಂತ ಮೊದಲು ಕೇಳುವುದು ಸರಿಯೆನಿಸಲಿಲ್ಲ. ಅಮ್ಮ ಕುಮಟೆಗೆ ಬರಲು ಒಪ್ಪಲಿಲ್ಲ. "ಮತ್ತೆ ಎಂತ ತೆಗೀತೆ ಅಲ್ಲಿ" ಎಂದಳು. ಕೋಳಿ ಸಿಕ್ಕಿದೆ ಎಂದೆ. ಅಮ್ಮ ಸೀರೆ ಬದಲಿಸಿ ಬಂದಳು.

ದೊಡ್ಡಮ್ಮ ಬಾಗಿಲು ತೆಗೆದಳು. ಹೋದ ಸಲ ಬಿಟ್ಟು ಹೋದ ಚಹಾವನ್ನು ಈಗಲಾದರೂ ಕುಡಿಯಲಿ ಎಂಬಂತೆ ಒಲೆಯ ಮೇಲೆ ಹಾಲಿಟ್ಟು ಬಂದು ಕೂತಳು. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ, ಮೊಳದಷ್ಟು ದೂರ ಬಿಟ್ಟು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಫೋನನ್ನು ನಡುವೆ ಇಟ್ಟೆ.

ಒನಕೆಯ ಪೆಟ್ಟು. ದುರ್ಗಮ್ಮನ ನಡುಗುವ ದನಿ. ಇದ್ದಕ್ಕಿದ್ದ ಹಾಗೆ ಅದನ್ನೆಲ್ಲ ಸೀಳಿಕೊಂಡು ಇನ್ನೊಂದು ದನಿ ಬಂತು.

"ಹುಶ್, ಹುಶ್. ಹೋತ್ಯಾ ಇಲ್ಯಾ? ಬೆಳಗಿಂದ ತಿಂದು ಹೊಟ್ಟೆ ತುಂಬ್ಲಿಲ್ವೆ ನಿಂಗೆ? ಬಾ, ಬಾ ಹತ್ರ, ನಿನ್ನ ಕುತ್ಗೆ ಮುರ್ದು ಸಾರ್ ಮಾಡ್ತೆ."

ಒಬ್ಬ ಗಂಡಸಿನ ಮೆಲುದನಿ, "ಅಮ್ಮಾ, ದಯವಿಟ್ಟು ಸ್ವಲ್ಪ ಸುಮ್ಮನಿರಿ."

"ನಂಗೆ ಎಂತಕ್ಕೆ ಹೇಳ್ತ್ರಿ? ಕೋಳಿಗೆ ಹೇಳಿ. ಅದು ಸುಮ್ನಿದ್ರೆ ನಾನೂ ಸುಮ್ನಿರ್ತೆ."

ಹಾಡುತ್ತಿದ್ದವರು ನಕ್ಕರು, ಒನಕೆಯ ತಾಳ ತಪ್ಪಿತು. ಮತ್ತೆ ಹುಶ್, ಹುಶ್. ಮುಗಿಯಿತು.

ಆ ದನಿ ನನಗೆ ಗೊತ್ತಿತ್ತು. ಒಂದು ಕ್ಷಣ, ದೊಡ್ಡಮ್ಮನೇ ಮಾತಾಡಿದಳು ಎಂದು ಅವಳ ಕಡೆ ತಿರುಗಿಯೂ ಇದ್ದೆ. ಅವಳ ತುಟಿ ಮುಚ್ಚಿತ್ತು. ಅದೇ ಏರು, 'ಇಲ್ಯಾ' ಎನ್ನುವಲ್ಲಿ ಅದೇ ಕತ್ತರಿಸಿದಂಥ ಬಿರುಸು, ಸಿಟ್ಟಿನ ತಳದಲ್ಲಿ ಕೂತ ಅದೇ ನಗು. ಖಂಡನೆಗೆ ಜಾಗವಿತ್ತು, ಟೇಪು ಹಳೆಯದು, ಹೋಲಿಕೆ ಕಿವಿಯ ಭ್ರಮೆಯೂ ಆಗಬಹುದು. ಸ್ಪರ್ಧೆಯಲ್ಲಿ ಹಾಗೆ ಸಮಯ ಮುಗಿಯಿತೆಂದು ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಆದರೂ ನಾನು ಮಾತಾಡಲಿಲ್ಲ.

ಅಮ್ಮ ನಿಧಾನವಾಗಿ ಅಕ್ಕನ ಕಡೆ ತಿರುಗಿದಳು.

"ಅಕ್ಕಾ. ಇದು ನಿನ್ನ ದನಿ."

"ನಂದೆಂತಕ್ಕೆ ಆತದೆ? ನಾ ಆವಾಗ ಹಿಂಗಿದ್ದೆ," ಎಂದು ದೊಡ್ಡಮ್ಮ ನೆಲದಿಂದ ಸ್ವಲ್ಪ ಮೇಲೆ ಕೈ ತೋರಿಸಿದಳು. ಆ ಕೈ ಅಲ್ಲೇ ನಿಂತಿತು. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಅವಳಿಗೆ ಹೇಗೆ ಗೊತ್ತಿರಬೇಕು. ಫೋನನ್ನು ನೋಡಿದಳು, ತಂಗಿಯನ್ನು ನೋಡಿದಳು.

"ನಾ ಹುಟ್ಟಿದಾಗಿಂದ ಕೇಳ್ತಾ ಇದ್ದದ್ದು ಇದೇ ಅಲ್ವನೆ," ಎಂದಳು ಅಮ್ಮ. ನಡುವಿನ ಮೊಳದಷ್ಟು ಜಾಗವನ್ನು ಸರಿದು ದಾಟಿ ಅಕ್ಕನ ಹೆಗಲಿಗೆ ತಲೆ ಆನಿಸಿದಳು. "ಬಯ್ಯೇ ಅಕ್ಕಾ."

"ಎಂತ?"

"ಬಯ್ಯಿ. ಸ್ವಲ್ಪ ಹೊತ್ತು."

"ಬಯ್ಯಿ ಅಂದ್ರೆ ಬಯ್ಯೂಕೆ ಬತ್ತದ್ಯಾ? ಎಂತ ಮಾಡಿದೆ ನೀನು ಬಯ್ಯೂಕೆ?" ಕಣ್ಣೊರೆಸಿಕೊಳ್ಳಲು ಮುಖ ಈಚೆ ತಿರುಗಿಸಿದ ದೊಡ್ಡಮ್ಮನ ಕಣ್ಣು ನನ್ನ ಮೇಲೆ ಬಿತ್ತು, ನನ್ನ ಹಿಂದಿನ ಒಲೆಯ ಮೇಲೆ ಬಿತ್ತು.

"ಏ ವಕೀಲ್ತಿ, ಹಾಲು ಉಕ್ಕೂಕೆ ಬಂತು, ಕಾಣೂದಿಲ್ವೆ ನಿಂಗೆ? ಬಾಗಿಲಲ್ಲೇ ಕೂತಿದೆ ನೋಡು ಬೊಂಬೆ ಹಂಗೆ. ಬಾಯೊಂದು ಕೊಟ್ಟ ದೇವ್ರು ಕೈ ಕೊಡೂಕೆ ಮರ್ತನಾ? ಎದ್ದು ಆರ್ಸೂಕೆ ಆತದ್ಯಾ ಇಲ್ಯಾ?"

ಅಮ್ಮ ಕಣ್ಣು ಮುಚ್ಚಿಕೊಂಡಳು.

ಒಲೆ ನನಗೆ ಕೈಯಳತೆಯಲ್ಲಿತ್ತು. ಹಾಲು ಪಾತ್ರೆಯ ಅಂಚಿಗೆ ಬಂದು, ಉಬ್ಬಿ, ಹೊರಗೆ ಇಳಿಯತೊಡಗಿತು. ದೊಡ್ಡಮ್ಮನ ದನಿ ಇನ್ನೂ ಒಂದು ಮೆಟ್ಟಿಲು ಏರಿತು. ನಾನು ಕೂತಲ್ಲಿಂದ ಏಳಲಿಲ್ಲ.